ಬೇವಿಗೆ ಸಾಕ್ಷಿ ಹೇಳಿದವರು
(ಗೊಬ್ಬೂರಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ವಿಜ್ಞಾನದ ಒಂದು ಸಂಗತಿಯನ್ನು ಹೊಲದಲ್ಲಿ ದುಡಿಯುವವರಿಗೆ ತಿಳಿಯುವ ಹಾಗೆ ಹೇಳಿಸಬೇಕೆಂಬುದು ಈ ದತ್ತಿ ಇಟ್ಟವರ ಆಸೆ. ಅದಕ್ಕಾಗಿ ನಾನು ಆರಿಸಿಕೊಂಡಿರುವುದು ಪೇಟೆಂಟಿನ ವಿಷಯ. ಗಿಡದ ಬೇರು, ಎಲೆ, ಬೀಜಗಳಿಂದ ತೆಗೆದ ಸತ್ವದ ಮೇಲೆ, ಔಷಧದ ಮೇಲೆ, ಪ್ರಯೋಗಶಾಲೆಯಲ್ಲಿ ಬದಲಿಸಿದ ಜೀವಾಣುವಿನ ಮೇಲೆ ಒಬ್ಬರಿಗೋ ಒಂದು ಕಂಪನಿಗೋ ಸರ್ಕಾರ ಕೊಡುವ ಹಕ್ಕುಪತ್ರದ ವಿಷಯ. ಇದು ಬೆಂಗಳೂರಿನವರ, ಅಮೆರಿಕದವರ ಮಾತು, ಅಫಜಲಪುರ ತಾಲ್ಲೂಕಿನ ಹಳ್ಳಿಗೆ ಇದರಿಂದ ಏನು ಎಂದು ತಾವು ಕೇಳಬಹುದು. ನಮ್ಮ ಹೊಲದ ಒಡ್ಡಿನ ಮೇಲೆ ನಿಂತಿರುವ ಬೇವಿನ ಗಿಡವೇ ಈ ಪ್ರಶ್ನೆಗೆ ಉತ್ತರ. ಇವತ್ತಿನ ನನ್ನ ಮಾತಿನ ಹೆಚ್ಚು ಭಾಗ ಅದರದ್ದೇ.

ಮೊದಲು ಒಂದು ಗೊಂದಲ ತಿಳಿ ಮಾಡುತ್ತೇನೆ. 2019ರಲ್ಲಿ ಕಲಬುರಗಿ ತೊಗರಿಬೇಳೆಗೆ ಭೌಗೋಳಿಕ ಸೂಚಕದ ಮಾನ್ಯತೆ ಬಂದಾಗ ನಮ್ಮ ಬೇಳೆಗೆ ಪೇಟೆಂಟ್ ಸಿಕ್ಕಿತು ಎಂದು ಬಹಳ ಜನ ಹೇಳಿಕೊಂಡರು. ಅದು ಪೇಟೆಂಟ್ ಅಲ್ಲ. ಈ ಸೀಮೆಯಲ್ಲಿ ಬೆಳೆದ ಬೇಳೆಗೆ ಮಾತ್ರ ಈ ಸೀಮೆಯ ಹೆಸರು ಸಲ್ಲಬೇಕು ಎನ್ನುವ ರಕ್ಷಣೆ ಅದು. ಇಲ್ಲಿ ಬೆಳೆಯುವ ಎಲ್ಲರಿಗೂ ಸೇರಿದ್ದು, ಹತ್ತು ವರ್ಷಕ್ಕೊಮ್ಮೆ ನವೀಕರಿಸಿಕೊಂಡು ಹೋಗಬಹುದಾದದ್ದು. ಪೇಟೆಂಟಿನ ಲೆಕ್ಕ ಬೇರೆ. ಹೊಸದೊಂದನ್ನು ಕಂಡುಹಿಡಿದವರು ಅದರ ಗುಟ್ಟನ್ನೆಲ್ಲ ಬರೆದು ಸರ್ಕಾರಕ್ಕೆ ಒಪ್ಪಿಸಬೇಕು. ಸರ್ಕಾರ ಅದನ್ನು ಎಲ್ಲರಿಗೂ ಪ್ರಕಟಿಸುತ್ತದೆ. ಪ್ರತಿಯಾಗಿ 20 ವರ್ಷ ಅದನ್ನು ಮಾಡುವ, ಮಾರುವ ಹಕ್ಕು ಅವರೊಬ್ಬರದ್ದು. ಅವಧಿ ಮುಗಿದ ಮೇಲೆ ಅದು ಊರಿನ ಸ್ವತ್ತು. ಪಡೆಯಲು ಮೂರು ಪರೀಕ್ಷೆ ಗೆಲ್ಲಬೇಕು: ಅದು ಹೊಸದಾಗಿರಬೇಕು, ಆ ಕಸುಬು ಬಲ್ಲವನಿಗೆ ತಾನಾಗಿ ಹೊಳೆಯುವಂಥದ್ದಾಗಿರಬಾರದು, ಉಪಯೋಗಕ್ಕೆ ಬರಬೇಕು. ಈ ವ್ಯವಸ್ಥೆಯನ್ನು ನಾನು ಕೆಟ್ಟದ್ದೆನ್ನುವುದಿಲ್ಲ. ಗುಟ್ಟನ್ನು ಮಗನಿಗೂ ಹೇಳದೆ ಸತ್ತ ವೈದ್ಯರ ಕಥೆ ನಮ್ಮ ಪ್ರತಿಯೊಂದು ಊರಿನಲ್ಲೂ ಇದೆ. ಗುಟ್ಟನ್ನು ಹೊರಗೆ ತರಿಸುವ ಕಾನೂನಿಗೆ ತನ್ನದೇ ಆದ ಬೆಲೆಯಿದೆ. ನನ್ನ ತಕರಾರು ಇರುವುದು 'ಹೊಸದು' ಎನ್ನುವ ಆ ಮೊದಲ ಪರೀಕ್ಷೆಯ ಬಗ್ಗೆ. ಯಾರಿಗೆ ಹೊಸದು? ಹೊಸದಲ್ಲ ಎಂದು ಹೇಳಬೇಕಾದವರು ಯಾರು, ಯಾವ ಆಧಾರದ ಮೇಲೆ?

ಈಗ ಬೇವಿಗೆ ಬರೋಣ. ಹಗೇವಿನ ಜೋಳಕ್ಕೆ, ಮನೆಯ ಕಾಳಿನ ಚೀಲಕ್ಕೆ ಒಣಗಿದ ಬೇವಿನ ತಪ್ಪಲು ಹಾಕುವುದು ಈ ಕಡೆಯ ಹೆಣ್ಣುಮಕ್ಕಳಿಗೆ ಯಾರೂ ಹೇಳಿಕೊಡಬೇಕಾದ ವಿದ್ಯೆಯಲ್ಲ. ತೊಗರಿ ಹೂವಿಗೆ ಬಂದು ಕಾಯಿ ಕಟ್ಟುವ ಹೊತ್ತಿಗೆ ಕಾಯಿಕೊರಕ ಬಿದ್ದರೆ ಗಿಡ ಅಲುಗಾಡಿಸಿ ಹುಳ ಉದುರಿಸುವುದು, ಬೇವಿನ ಬೀಜದ ಕಷಾಯ ಹೊಡೆಯುವುದು ಇಲ್ಲಿ ರೂಢಿಯಲ್ಲಿದೆ. ಕೃಷಿ ವಿಶ್ವವಿದ್ಯಾಲಯದವರು ಅದನ್ನೇ ಶೇಕಡಾ 5ರ ಕಷಾಯ ಎಂದು ಅಳತೆ ಕಟ್ಟಿ ಹೇಳುತ್ತಾರೆ: 5 ಕಿಲೋ ಬೀಜದ ಪುಡಿಯನ್ನು ರಾತ್ರಿ ನೀರಲ್ಲಿ ನೆನೆಹಾಕಿ, ಬೆಳಿಗ್ಗೆ ಬಟ್ಟೆಯಲ್ಲಿ ಸೋಸಿ, ಸ್ವಲ್ಪ ಸೋಪಿನ ನೀರು ಸೇರಿಸಿ, 100 ಲೀಟರಿಗೆ ತಂದು ಸಂಜೆ ಹೊಡೆಯಬೇಕು. ಸಂಜೆಯೇ ಏಕೆ? ಬೇವಿನಲ್ಲಿ ಹುಳವನ್ನು ತಡೆಯುವ ಸತ್ವ ಅಜಾಡಿರಾಕ್ಟಿನ್. ಬಿಸಿಲಿಗೆ ಬಿದ್ದರೆ ಅದು ಬೇಗ ಒಡೆದುಹೋಗುತ್ತದೆ. ನಿನ್ನೆಯ ಕಷಾಯ ಇಂದಿಗೆ ಬರುವುದಿಲ್ಲ ಎನ್ನುವುದು ರೈತನ ಅನುಭವ. ಕಲಸಿಟ್ಟ ಕಷಾಯದಲ್ಲೂ ಆ ಸತ್ವ ಬಹಳ ದಿನ ಉಳಿಯುವುದಿಲ್ಲ.

ಈ ಸತ್ವದ ಬೆನ್ನು ಹತ್ತಿದವರ ಕಥೆ ಸೊಗಸಾದದ್ದು. 1942ರಲ್ಲಿ ದೆಹಲಿಯಲ್ಲಿ ಸಲೀಮುಜ್ಜಮಾನ್ ಸಿದ್ದೀಕಿ ಎಂಬ ರಸಾಯನ ವಿಜ್ಞಾನಿ ಬೇವಿನ ಎಣ್ಣೆಯಿಂದ ನಿಂಬಿನ್ ಮೊದಲಾದ ಕಹಿ ಪದಾರ್ಥಗಳನ್ನು ಬೇರ್ಪಡಿಸಿದರು. ದೇಶ ಒಡೆದ ಮೇಲೆ ಅವರು ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ವಿಜ್ಞಾನ ಸಂಸ್ಥೆಗಳನ್ನು ಕಟ್ಟಿದರು. 1962ರಲ್ಲಿ ದೆಹಲಿಯ ಮೇಲೆ ಮಿಡತೆಯ ದಂಡು ಬಂದಾಗ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಎಸ್. ಪ್ರಧಾನ್ ಮತ್ತು ಸಂಗಡಿಗರು ಬೆಳೆಯ ಮೇಲೆ ಬೇವಿನ ಬೀಜದ ಹಿಟ್ಟು ಕಲಸಿದ ನೀರು ಹೊಡೆದರು. ಮಿಡತೆ ಬಂದು ಕೂತಿತು, ತಿನ್ನಲಿಲ್ಲ. 1968ರಲ್ಲಿ ಇಂಗ್ಲೆಂಡಿನ ಕೀಲ್ ವಿಶ್ವವಿದ್ಯಾಲಯದ ಬಟರ್‌ವರ್ತ್ ಮತ್ತು ಮಾರ್ಗನ್ ಅಜಾಡಿರಾಕ್ಟಿನ್ ಅನ್ನು ಪ್ರತ್ಯೇಕಿಸಿದರು. ಅದರ ರಚನೆ ಎಷ್ಟು ಜಟಿಲವೆಂದರೆ ಪ್ರಯೋಗಶಾಲೆಯಲ್ಲಿ ಅದನ್ನು ಕೈಯಿಂದ ಕಟ್ಟಲು ಕೇಂಬ್ರಿಜ್‌ನ ಸ್ಟೀವನ್ ಲೇ ಅವರ ತಂಡಕ್ಕೆ 22 ವರ್ಷ ಹಿಡಿಯಿತು. ಕೆಲಸ ಮುಗಿದದ್ದು 2007ರಲ್ಲಿ. ನಮ್ಮ ಒಡ್ಡಿನ ಗಿಡ ಅದನ್ನು ಪ್ರತಿ ಬೇಸಿಗೆ ಬುಟ್ಟಿಗಟ್ಟಲೆ ಉದುರಿಸುತ್ತದೆ.

ಅಮೆರಿಕದ ವಿಸ್ಕಾನ್ಸಿನ್‌ನ ರಾಬರ್ಟ್ ಲಾರ್ಸನ್ ಎಂಬ ಮರದ ವ್ಯಾಪಾರಿ 1970ರ ದಶಕದಲ್ಲಿ ಭಾರತದಲ್ಲಿ ಬೇವಿನ ಈ ಗುಣ ಕಂಡುಕೊಂಡು ಬೀಜ ತರಿಸಿ ಪ್ರಯೋಗ ಮಾಡಿದರು. ಕೆಡದೆ ಉಳಿಯುವ ಬೇವಿನ ಸತ್ವಕ್ಕೆ 1985ರಲ್ಲಿ ಅವರಿಗೆ ಪೇಟೆಂಟ್ ಸಿಕ್ಕಿತು. 1988ರಲ್ಲಿ ಅದನ್ನು ಡಬ್ಲ್ಯು.ಆರ್. ಗ್ರೇಸ್ ಎಂಬ ರಾಸಾಯನಿಕ ಕಂಪನಿಗೆ ಮಾರಿದರು. ಗ್ರೇಸ್ ಮುಂದೆ ಇನ್ನಷ್ಟು ಪೇಟೆಂಟ್ ಪಡೆಯಿತು, ಪಿ.ಜೆ. ಮಾರ್ಗೊ ಎಂಬ ಭಾರತೀಯ ಕಂಪನಿಯ ಜೊತೆ ಸೇರಿ ನಮ್ಮದೇ ತುಮಕೂರಿನಲ್ಲಿ ದಿನಕ್ಕೆ 20 ಟನ್ ಬೀಜ ಅರೆಯುವ ಕಾರ್ಖಾನೆ ಹಾಕಿತು. ಅದು ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದದ ಡಂಕೆಲ್ ಕರಡಿನ ಕಾಲ. ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತಸಂಘ 1992ರ ಕೊನೆಗೆ ಬೆಂಗಳೂರಿನ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ ನುಗ್ಗಿ ಕಾಗದಪತ್ರ ಸುಟ್ಟಿತ್ತು. ಮರುವರ್ಷ ಗಾಂಧಿ ಜಯಂತಿಗೆ ಬೆಂಗಳೂರಿನಲ್ಲಿ ಹಸಿರು ಶಾಲಿನ ಸಮುದ್ರವೇ ಸೇರಿತ್ತು. ಬೇವೂ ಬೀಜವೂ ಬೌದ್ಧಿಕ ಆಸ್ತಿಯೂ ರಾಜ್ಯದ ರೈತನ ಬಾಯಲ್ಲಿ ಮೊದಲ ಸಲ ಒಟ್ಟಿಗೆ ಬಂದದ್ದು ಆಗ.

ಲಾರ್ಸನ್ ಬೇವನ್ನು ಕದ್ದರು ಎಂದು ಒಂದೇ ಮಾತಿನಲ್ಲಿ ಮುಗಿಸಲು ನನ್ನ ಮನಸ್ಸು ಒಪ್ಪುವುದಿಲ್ಲ. ನಮ್ಮ ರೈತ ಬೀಜ ಇಟ್ಟುಕೊಳ್ಳುತ್ತಾನೆ, ಬೇಕಾದಾಗ ಅರೆದು ಅಂದೇ ಬಳಸುತ್ತಾನೆ. ಬಾಟಲಿಯಲ್ಲಿ ತಿಂಗಳುಗಟ್ಟಲೆ ಕೆಡದಂತೆ ಇಡುವ ಅಗತ್ಯ ಅವನಿಗೆ ಬಿದ್ದಿರಲಿಲ್ಲ. ಆ ಅಗತ್ಯ ಅಂಗಡಿಯದು. ಅಂಗಡಿಯ ಅಗತ್ಯಕ್ಕೆ ಒಂದು ಉಪಾಯ ಕಂಡುಹಿಡಿದದ್ದು ಕೆಲಸವೇ. ಆದರೆ ಹುಳಕ್ಕೆ ಬೇವು ಆಗದು ಎನ್ನುವ ತಿಳಿವಳಿಕೆ, ಯಾವ ಭಾಗ, ಯಾವ ಹೊತ್ತು, ಎಷ್ಟು ಎನ್ನುವ ತಿಳಿವಳಿಕೆ ಇರದಿದ್ದರೆ ಆ ಉಪಾಯಕ್ಕೆ ಕೂರಲು ನೆಲವೇ ಇರುತ್ತಿರಲಿಲ್ಲ. ಪೇಟೆಂಟ್ ಪತ್ರದಲ್ಲಿ ಉಪಾಯಕ್ಕೆ ಹೆಸರು ಬಂತು, ನೆಲಕ್ಕೆ ಬರಲಿಲ್ಲ. ಅನ್ಯಾಯ ಇರುವುದು ಇಲ್ಲಿ, ಇಷ್ಟೇ ನಿರ್ದಿಷ್ಟವಾಗಿ ಅದನ್ನು ನಾವು ಹೇಳಬೇಕು. ದೊಡ್ಡದು ಮಾಡಿ ಹೇಳಿದರೆ ಎದುರಿನ ವಕೀಲ ಸುಲಭವಾಗಿ ಗೆಲ್ಲುತ್ತಾನೆ.

ಯುರೋಪಿನ ಪೇಟೆಂಟ್ ಕಚೇರಿ ಇರುವ ಜರ್ಮನಿಯ ಮ್ಯೂನಿಕ್‌ನಲ್ಲಿ ನಡೆದದ್ದು ಲಾರ್ಸನ್ ಅವರದ್ದಲ್ಲದ ಇನ್ನೊಂದು ಪೇಟೆಂಟಿನ ವಿಚಾರಣೆ. ಬೇವಿನ ಎಣ್ಣೆಯಿಂದ ಗಿಡಗಳ ಶಿಲೀಂಧ್ರ ರೋಗ ತಡೆಯುವ ವಿಧಾನ ತಮ್ಮದು ಎಂದು ಗ್ರೇಸ್ ಕಂಪನಿ ಮತ್ತು ಅಮೆರಿಕದ ಕೃಷಿ ಇಲಾಖೆ ಜೊತೆಯಾಗಿ ಅರ್ಜಿ ಹಾಕಿದ್ದವು. ಯುರೋಪಿನ ಪೇಟೆಂಟ್ ಕಚೇರಿ 1994ರಲ್ಲಿ ಮಂಜೂರು ಮಾಡಿತು. ಮರುವರ್ಷ ಮೂವರು ತಕರಾರು ಹಾಕಿದರು: ನಮ್ಮ ದೇಶದ ವಂದನಾ ಶಿವ, ಯುರೋಪಿನ ಸಂಸತ್ತಿನಲ್ಲಿ ಹಸಿರು ಪಕ್ಷದವರಾಗಿದ್ದ ಬೆಲ್ಜಿಯಂನ ಮಾಗ್ದಾ ಆಲ್‌ವೂಟ್, ಮತ್ತು ಸಾವಯವ ಕೃಷಿಯ ಅಂತರರಾಷ್ಟ್ರೀಯ ಒಕ್ಕೂಟ. ಮೂರೂ ಕಡೆ ಮುಂದೆ ನಿಂತವರು ಮಹಿಳೆಯರೇ. ಒಕ್ಕೂಟದ ಪರವಾಗಿ ನಿಂತವರು ಲಿಂಡಾ ಬುಲ್ಲಾರ್ಡ್.

ಬೇವು ನಮ್ಮ ಋಷಿಗಳಿಗೆ ಗೊತ್ತಿತ್ತು, ಆಯುರ್ವೇದದಲ್ಲಿದೆ, ಯುಗಾದಿಯಲ್ಲಿ ತಿನ್ನುತ್ತೇವೆ ಎಂಬ ವಾದಗಳೆಲ್ಲ ಅಲ್ಲಿ ಬಂದವು. ಅವು ಸತ್ಯ, ಆದರೆ ತೂಕ ಬರಲಿಲ್ಲ. ಗಿಡದ ಶಿಲೀಂಧ್ರಕ್ಕೆ, ಎಣ್ಣೆಯ ಇಂಥ ಸತ್ವವನ್ನು, ಅರ್ಜಿ ಹಾಕುವ ಮುಂಚೆ, ಯಾರು, ಎಲ್ಲಿ, ಯಾರ ಕಣ್ಣೆದುರಿಗೆ ಬಳಸಿದರು? ಕಚೇರಿ ಕೇಳಿದ್ದು ಇದು. ಆಗ ಉತ್ತರವಾಗಿ ನಿಂತವರು ದೆಹಲಿ ಬಳಿ ಕಾರ್ಖಾನೆ ನಡೆಸುತ್ತಿದ್ದ ಒಬ್ಬ ಉದ್ಯಮಿ. 1985 ಮತ್ತು 1986ರ ಬೇಸಿಗೆಯಲ್ಲಿ ಮಹಾರಾಷ್ಟ್ರದ ಪುಣೆ ಮತ್ತು ಸಾಂಗ್ಲಿ ಜಿಲ್ಲೆಯ ಹೊಲಗಳಲ್ಲಿ ತಾವು ಬೇವಿನ ಸತ್ವವನ್ನು ರೈತರ ಎದುರಿಗೇ ಪರೀಕ್ಷಿಸಿದ್ದೆವು ಎಂದು ಅವರು ಸಾಕ್ಷಿ ಹೇಳಿದರು. ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಸಸ್ಯರೋಗ ತಜ್ಞ ಪ್ರೊ. ಯು.ಪಿ. ಸಿಂಗ್ ಕೂಡ ನಿಂತರು. 2000ದ ಮೇ 10ರಂದು ಪೇಟೆಂಟ್ ರದ್ದಾಯಿತು. ಕಂಪನಿ ಮೇಲ್ಮನವಿ ಹೋಯಿತು; 2005ರ ಮಾರ್ಚ್ 8ರಂದು ಅದೂ ವಜಾ ಆಯಿತು. ಹತ್ತು ವರ್ಷದ ಹೋರಾಟ.

ಸಾಂಗ್ಲಿ ನಮಗೆ ಪರಸ್ಥಳವಲ್ಲ. ಅಲ್ಲಿನ ಜತ್ತ ತಾಲ್ಲೂಕಿನಲ್ಲಿ ಕನ್ನಡ ಮಾತನಾಡುವ ಹಳ್ಳಿಗಳಿವೆ. ಅಲ್ಲಿಗೂ ಇಲ್ಲಿಗೂ ಬೀಗತನ ನಡೆಯುತ್ತದೆ. ಆ ಜಿಲ್ಲೆಯ ಒಂದು ಹೊಲ ಜರ್ಮನಿಯಲ್ಲಿ ಒಂದು ದೊಡ್ಡ ಕಂಪನಿಯನ್ನು ಸೋಲಿಸಿತು. ಸೋಲಿಸಿದ್ದು ಆ ಜ್ಞಾನದ ವಯಸ್ಸಲ್ಲ, ಅದರ ತಾರೀಖು. ಇಂಥ ವರ್ಷ, ಇಂಥ ಊರು, ಇಂಥವರ ಎದುರು ಎಂದು ಎದೆತಟ್ಟಿ ಹೇಳಬಲ್ಲ ಒಬ್ಬ ಮನುಷ್ಯ. ಇವತ್ತು ತಮ್ಮೆದುರು ನಾನು ಹೇಳಬೇಕೆಂದಿರುವ ಮಾತು ಇದೊಂದೇ. ಉಳಿದದ್ದೆಲ್ಲ ಇದರ ಸುತ್ತ ಬರುತ್ತದೆ.

ಯುರೋಪಿನಲ್ಲಿ ಬಿದ್ದದ್ದು ಅಮೆರಿಕದಲ್ಲಿ ಏಕೆ ಬೀಳಲಿಲ್ಲ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಯುರೋಪಿನ ಕಾನೂನಿನಲ್ಲಿ ಜಗತ್ತಿನ ಯಾವ ಮೂಲೆಯಲ್ಲಾದರೂ ಬಹಿರಂಗವಾಗಿ ಬಳಸಿದ್ದರೆ ಸಾಕು, ಅದು ಹೊಸದಲ್ಲ. ಅಮೆರಿಕದ ಕಾನೂನು 2013ರವರೆಗೂ ಹಾಗಿರಲಿಲ್ಲ. ಹೊರದೇಶದಲ್ಲಿ ಅಚ್ಚಾಗಿದ್ದರೆ ಅಥವಾ ಪೇಟೆಂಟ್ ಆಗಿದ್ದರೆ ಮಾತ್ರ ಲೆಕ್ಕಕ್ಕೆ. ಹೊರದೇಶದ ಜನ ಬಳಸುತ್ತಿದ್ದರು ಎಂಬುದು ಲೆಕ್ಕಕ್ಕೇ ಇಲ್ಲ. ಸಾಂಗ್ಲಿಯ ರೈತನ ಅನುಭವ ಮ್ಯೂನಿಕ್‌ನಲ್ಲಿ ಸಾಕ್ಷಿ, ವಾಷಿಂಗ್ಟನ್‌ನಲ್ಲಿ ಸೊನ್ನೆ. ಅರಿಸಿನದ ಪ್ರಕರಣ ಅಮೆರಿಕದಲ್ಲೇ ಗೆದ್ದದ್ದಕ್ಕೆ ಕಾರಣವೂ ಇದರಲ್ಲೇ ಇದೆ. ಗಾಯಕ್ಕೆ ಅರಿಸಿನ ಹಚ್ಚುವುದರ ಮೇಲೆ 1995ರಲ್ಲಿ ಮಿಸಿಸಿಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ ಪೇಟೆಂಟ್ ಸಿಕ್ಕಿತ್ತು. ಡಾ. ಆರ್.ಎ. ಮಾಶೇಲ್ಕರ್ ಮುಖ್ಯಸ್ಥರಾಗಿದ್ದ ನಮ್ಮ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ (ಸಿಎಸ್ಐಆರ್) ಅಮ್ಮಂದಿರ ಮಾತನ್ನು ಆಧಾರ ಮಾಡಲಿಲ್ಲ. ಹಳೆಯ ಗ್ರಂಥಗಳನ್ನೂ 1953ರಲ್ಲಿ ಭಾರತೀಯ ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚಾಗಿದ್ದ ಲೇಖನವನ್ನೂ ಮುಂದಿಟ್ಟಿತು. 1997ರಲ್ಲಿ ರದ್ದಾಯಿತು.

ಇನ್ನು ಕಾಮಣಿ. ಈ ಸಭೆಯಲ್ಲಿ ಕಾಮಣಿಗೆ ನೆಲನೆಲ್ಲಿ ಅರೆದು ಕುಡಿಸಿದವರು, ಕುಡಿದವರು ಇದ್ದೇ ಇದ್ದೀರಿ. ಹೆಪಟೈಟಿಸ್-ಬಿ ವೈರಸ್ಸನ್ನು ಕಂಡುಹಿಡಿದು 1976ರಲ್ಲಿ ನೊಬೆಲ್ ಪಡೆದ ಬರೂಕ್ ಬ್ಲೂಂಬರ್ಗ್ ಈ ಗಿಡದ ಹಿಂದೆ ಬಿದ್ದವರಲ್ಲಿ ಒಬ್ಬರು. ಅವರೂ ಮದರಾಸಿನ ಎಸ್.ಪಿ. ತ್ಯಾಗರಾಜನ್ ಅವರೂ ಕೂಡಿ ನೆಲನೆಲ್ಲಿಯ ಸತ್ವ ವೈರಸ್ಸಿನ ಮೇಲೆ ಏನು ಮಾಡುತ್ತದೆ ಎಂದು ನೋಡಿದರು. 1987ರಲ್ಲಿ ಅಮೆರಿಕದ ಫಾಕ್ಸ್ ಚೇಸ್ ಕ್ಯಾನ್ಸರ್ ಕೇಂದ್ರಕ್ಕೆ ಅದರ ಮೇಲೆ ಪೇಟೆಂಟ್ ಬಂತು. ಮರುವರ್ಷ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಮದರಾಸಿನ ಫಲಿತಾಂಶ ಪ್ರಕಟವಾಯಿತು: ಮೂವತ್ತು ದಿನ ಪುಡಿ ಕೊಟ್ಟ 37 ವೈರಸ್ ವಾಹಕರಲ್ಲಿ ಶೇಕಡಾ 59 ಮಂದಿಯ ರಕ್ತದಲ್ಲಿ ವೈರಸ್ಸಿನ ಗುರುತು ಮಾಯವಾಗಿತ್ತು, ಔಷಧವಿಲ್ಲದ ಹುಸಿ ಗುಳಿಗೆ ಕೊಟ್ಟವರಲ್ಲಿ ಶೇಕಡಾ 4. ಜಗತ್ತು ಬೆರಗಾಯಿತು. ಆಮೇಲೆ ಬೇರೆ ಬೇರೆ ದೇಶಗಳಲ್ಲಿ ಮತ್ತೆ ಮಾಡಿ ನೋಡಿದರು. ಅಂಥ ಫಲ ಮತ್ತೆ ಕಾಣಿಸಲಿಲ್ಲ.

ಇದನ್ನು ನಾನು ಬಿಡಿಸಿ ಹೇಳುವುದಕ್ಕೆ ಕಾರಣವಿದೆ. ಪೇಟೆಂಟ್ ಸಿಕ್ಕಿದೆ ಎಂದರೆ ರೋಗ ವಾಸಿಯಾಗುತ್ತದೆ ಎಂದು ಸರ್ಕಾರ ಮುದ್ರೆ ಒತ್ತಿದಂತೆ ಎಂದು ತಿಳಿಯಬಾರದು. ಡಬ್ಬಿಯ ಮೇಲೆ ಪೇಟೆಂಟ್ ನಂಬರು ಅಚ್ಚು ಹಾಕಿ ಸಂತೆಯಲ್ಲಿ ಮಾರುವವರ ಮಾತಿಗೆ ಮರುಳಾಗಬೇಡಿ. ಔಷಧ ಫಲ ಕೊಡುತ್ತದೆಯೇ ಎಂಬುದನ್ನು ನೋಡುವ ಕಚೇರಿ ಬೇರೆ, ಪರೀಕ್ಷೆ ಬೇರೆ. ಕಾಮಣಿಗೆ ಹತ್ತಾರು ಕಾರಣಗಳಿವೆ. ಕೆಲವು ತಾವೇ ಇಳಿಯುತ್ತವೆ, ಆಗ ಕುಡಿದ ಔಷಧಕ್ಕೆ ಹೆಸರು ಬರುತ್ತದೆ. ಬಿ ಬಗೆಯದು ಒಳಗೇ ಉಳಿದು ವರ್ಷಗಳ ಮೇಲೆ ಯಕೃತ್ತನ್ನು ತಿನ್ನುತ್ತದೆ. ಅದಕ್ಕೆ ತಡೆ ಲಸಿಕೆ. ಆ ಲಸಿಕೆ ವಿದೇಶದಿಂದಲೇ ಬರುತ್ತಿದ್ದ ಕಾಲದಲ್ಲಿ ಬಡವನ ಕೈಗೆ ಎಟುಕುತ್ತಿರಲಿಲ್ಲ. 1997ರಲ್ಲಿ ನಮ್ಮ ಪಕ್ಕದ ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್, ವರಪ್ರಸಾದ ರೆಡ್ಡಿಯವರ ಮುಂದಾಳತ್ವದಲ್ಲಿ, ಜೀವತಂತ್ರಜ್ಞಾನದಿಂದ ದೇಶದೊಳಗೇ ಅದನ್ನು ತಯಾರಿಸಿದ ಮೇಲೆ ಬೆಲೆ ಬಿತ್ತು. ಇವತ್ತು ಸರ್ಕಾರಿ ಆಸ್ಪತ್ರೆಯಲ್ಲಿ ಕೂಸು ಹುಟ್ಟಿದ ದಿನವೇ ಪುಕ್ಕಟೆ ಹಾಕುತ್ತಾರೆ. ಅಕ್ಕಂದಿರೆ, ಅದನ್ನು ತಪ್ಪಿಸಬೇಡಿ.

ಫಲ ಕೊಡದ ಪೇಟೆಂಟಿನಿಂದ ಕಾಡಿಗೂ ಪೆಟ್ಟು ಬೀಳುತ್ತದೆ. ಮಲೆನಾಡಿನ ಉಪ್ಪಾಗೆ ಹಣ್ಣಿನ ಹುಳಿ ಯಾವುದು ಎಂದು 1965ರಲ್ಲಿ ಸರಿಯಾಗಿ ಗುರುತಿಸಿದವರು ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ (ಸಿಎಫ್‌ಟಿಆರ್‌ಐ) ವಿಜ್ಞಾನಿಗಳಾದ ಲೂಯಿಸ್ ಮತ್ತು ನೀಲಕಂಠನ್. ಆ ಹುಳಿ ಮೈಯಲ್ಲಿ ಕೊಬ್ಬು ಕಟ್ಟುವುದನ್ನು ತಡೆಯಬಹುದು ಎಂದು ಅಮೆರಿಕದಲ್ಲಿ ಕಂಡಿತು, ಪೇಟೆಂಟುಗಳು ಬಂದವು, ತೂಕ ಇಳಿಸುವ ಗುಳಿಗೆಯ ಮಾರುಕಟ್ಟೆ ಎದ್ದಿತು. ಶಿರಸಿಯ ಕಾಡಿನಲ್ಲಿ ಉಪ್ಪಾಗೆಗೆ ಬೆಲೆ ಏರಿದ ವರ್ಷಗಳಲ್ಲಿ ಹಣ್ಣಾಗುವ ಮುಂಚೆಯೇ ಕೊಯ್ದರು, ಸಿಪ್ಪೆ ಒಣಗಿಸಲು ಕಟ್ಟಿಗೆ ಕಡಿದರು. 1998ರಲ್ಲಿ ಅಮೆರಿಕದಲ್ಲೇ 135 ಜನರ ಮೇಲೆ 12 ವಾರ ನಡೆದ ಪರೀಕ್ಷೆಯಲ್ಲಿ ಆ ಗುಳಿಗೆ ತಿಂದವರಿಗೂ ತಿನ್ನದವರಿಗೂ ತೂಕದಲ್ಲಿ ವ್ಯತ್ಯಾಸ ಕಾಣಲಿಲ್ಲ.

ಹಾಗಾದರೆ ಹಳೆಯ ತಿಳಿವಳಿಕೆಯ ಮೇಲೆ ನಿಂತು ನಿಜವಾದ ಹೊಸದು ಹುಟ್ಟುವುದೇ ಇಲ್ಲವೇ? ಹುಟ್ಟುತ್ತದೆ. ಶುಂಠಿ, ಮೆಣಸು, ಹಿಪ್ಪಲಿ ಸೇರಿದ ತ್ರಿಕಟುವನ್ನು ಆಯುರ್ವೇದದವರು ಎಷ್ಟೋ ಔಷಧಗಳಿಗೆ ಕೂಡಿಸುತ್ತಾರೆ. ಏಕೆ ಕೂಡಿಸುತ್ತಾರೆ ಎಂದು ಜಮ್ಮುವಿನ ಸರ್ಕಾರಿ ಪ್ರಯೋಗಾಲಯದಲ್ಲಿ ಸಿ.ಕೆ. ಅಟಲ್ ಮತ್ತು ಅವರ ಬಳಗ 1970ರ ದಶಕದಿಂದ ಹುಡುಕಿತು. ಮೆಣಸಿನ ಪೈಪರಿನ್ ಬೇರೆ ಔಷಧವನ್ನು ಮೈಗೆ ಹೆಚ್ಚು ಹೀರಿಸುತ್ತದೆ ಎಂದು ತಿಳಿಯಿತು. ಆ ಎಳೆ ಹಿಡಿದು ಕ್ಷಯರೋಗದ ಗುಳಿಗೆಯಲ್ಲಿ 450 ಮಿಲಿಗ್ರಾಂ ಇದ್ದ ರಿಫಾಂಪಿಸಿನ್ ಅನ್ನು, 10 ಮಿಲಿಗ್ರಾಂ ಪೈಪರಿನ್ ಜೊತೆ 200ಕ್ಕೆ ಇಳಿಸಿದ ಗುಳಿಗೆ ಮಾರುಕಟ್ಟೆಗೆ ಬಂತು. ಬೆಂಗಳೂರಿನಲ್ಲಿ ಸಾಮಿ ಲ್ಯಾಬ್ಸ್ ಕಟ್ಟಿದ ಡಾ. ಮುಹಮ್ಮದ್ ಮಜೀದ್ ಮತ್ತು ಸಂಗಡಿಗರು ಪೋಷಕಾಂಶಗಳನ್ನು ಹೀರಿಸುವ ಪೈಪರಿನ್ ಬಳಕೆಗೆ 1990ರ ದಶಕದಲ್ಲೇ ಅಮೆರಿಕದ ಪೇಟೆಂಟ್ ಪಡೆದರು. ನಮ್ಮ ಮಾಕಂದಿ ಬೇರಿನ ಸತ್ವವನ್ನೂ ಅವರು ವಿದೇಶಕ್ಕೆ ಕೊಂಡೊಯ್ದರು. ಅದಕ್ಕಾಗಿ ರೈತರಿಂದ ಬೇರು ಬೆಳೆಸಿದರು. ಇಂಥ ಕೆಲಸವನ್ನು ನಾನು ಗೌರವಿಸುತ್ತೇನೆ. ಅಜ್ಜಿಗೆ ಗೊತ್ತಿದ್ದುದನ್ನೇ ಇಂಗ್ಲಿಷಿನಲ್ಲಿ ಬರೆದುಕೊಂಡವರು ಬೇರೆ, ಅಜ್ಜಿಗೆ ಗೊತ್ತಿದ್ದುದರ ಕಾರಣ ಹುಡುಕಿ ಮುಂದಿನ ಹೆಜ್ಜೆ ಇಟ್ಟವರು ಬೇರೆ.

ನಮ್ಮ ದೇಶದ ಪೇಟೆಂಟ್ ಕಾಯ್ದೆ ಈ ವ್ಯತ್ಯಾಸವನ್ನು ಬಲ್ಲದು. ಪರಂಪರೆಯ ಜ್ಞಾನವನ್ನೇ ಅಥವಾ ಅದರ ಕೂಡುಗಂಟನ್ನೇ ಆವಿಷ್ಕಾರವೆನ್ನಲಾಗದು ಎಂದು ಅದರ 3(ಪಿ) ಉಪನಿಯಮ ಹೇಳುತ್ತದೆ. ಗಿಡ, ಬೀಜ, ತಳಿಗಳಿಗೆ ಪೇಟೆಂಟ್ ಇಲ್ಲ ಎನ್ನುವುದು 3(ಜೆ). ನೆಟೆ ರೋಗ ತಡೆಯುವ ಮಾರುತಿ ತೊಗರಿ, ಕಲಬುರಗಿಯ ಕೃಷಿ ಸಂಶೋಧನಾ ಕೇಂದ್ರದ ಟಿಎಸ್-3ಆರ್ ಇವೆಲ್ಲ ಪೇಟೆಂಟ್ ಇಲ್ಲದೆಯೇ ನಮ್ಮ ಕೂರಿಗೆಗೆ ಬಂದವು. ಬೀಜ ಇಟ್ಟುಕೊಳ್ಳುವ, ಮತ್ತೆ ಬಿತ್ತುವ, ಬದಲಾಯಿಸಿಕೊಳ್ಳುವ ರೈತನ ಹಕ್ಕನ್ನು 2001ರ ತಳಿ ಸಂರಕ್ಷಣಾ ಕಾಯ್ದೆ ಬರೆದಿಟ್ಟಿದೆ. ಗಿಡದಿಂದ ಬಂದ ಆವಿಷ್ಕಾರವಾದರೆ ಆ ಗಿಡ ಎಲ್ಲಿಯದು ಎಂದು ಅರ್ಜಿಯಲ್ಲೇ ಹೇಳಬೇಕು, ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದಲ್ಲಿ ನೋಂದಾಯಿಸಬೇಕು ಅಥವಾ ಅದರ ಒಪ್ಪಿಗೆ ಪಡೆಯಬೇಕು. ಮಂಜೂರಾಗುವ ಮುಂಚೆ ಯಾರು ಬೇಕಾದರೂ ತಕರಾರು ಹಾಕಬಹುದು. ಗೊಬ್ಬೂರಿನ ರೈತನೂ ಹಾಕಬಹುದು. ಇಲ್ಲಿ ಕುಳಿತಿರುವ ಎಂ.ಎಸ್ಸಿ., ಪಿಎಚ್.ಡಿ. ಮಕ್ಕಳಿಗೆ ಒಂದು ಮಾತು: ಊರಿನ ಗಿಡದ ಸತ್ವ ತೆಗೆದು ಏನೋ ಕಂಡಿರಿ ಎನ್ನಿ, ಮೊದಲು ಪತ್ರಿಕೆಯಲ್ಲಿ ಅಚ್ಚು ಹಾಕಿಸಿಬಿಟ್ಟರೆ ನಿಮ್ಮದೇ ಲೇಖನ ನಿಮ್ಮ ಪೇಟೆಂಟನ್ನು ಕೊಲ್ಲುತ್ತದೆ. ಅರ್ಜಿ ಮೊದಲು, ಲೇಖನ ಆಮೇಲೆ. ಪೇಟೆಂಟ್ ಬೇಡ, ಎಲ್ಲರಿಗೂ ಇರಲಿ ಎನ್ನುವುದಾದರೆ ತಡ ಮಾಡದೆ ಅಚ್ಚು ಹಾಕಿಸಿ. ಆಗ ಬೇರೆ ಯಾರೂ ಅದನ್ನು ಬೇಲಿ ಹಾಕಿಕೊಳ್ಳಲಾರರು. ಎರಡೂ ಮರ್ಯಾದೆಯ ದಾರಿಗಳೇ. ಗಿಡ ತೋರಿಸಿದ ಮುದುಕನ ಹೆಸರನ್ನು ಎರಡರಲ್ಲೂ ಬರೆಯಿರಿ.

ಬರೆದಿಟ್ಟದ್ದು ನಮ್ಮಲ್ಲಿ ಕಡಿಮೆಯೇನಿಲ್ಲ. ಕಲ್ಯಾಣ ಇಲ್ಲಿಂದ ದೂರವಿಲ್ಲ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ, 1025ರಲ್ಲಿ, ಚಾವುಂಡರಾಯನೆಂಬ ಕವಿ ಲೋಕೋಪಕಾರ ಬರೆದ. ನೆಲದಡಿಯ ನೀರು ಕಾಣುವುದು, ಗಿಡಮರಗಳ ಆರೈಕೆ, ಅಡುಗೆ, ಔಷಧ ಎಲ್ಲ ಅದರಲ್ಲಿವೆ. ಅದೇ ರಾಜವಂಶದ ಕೀರ್ತಿವರ್ಮ ದನಕರುಗಳ ಚಿಕಿತ್ಸೆಗೆ ಗೋವೈದ್ಯ ಬರೆದ. ಹದಿನಾಲ್ಕನೆಯ ಶತಮಾನದ ಮಂಗರಾಜ ವಿಷಚಿಕಿತ್ಸೆಗೆಂದೇ ಖಗೇಂದ್ರಮಣಿದರ್ಪಣ ಬರೆದ. ಪೇಟೆಂಟ್ ಪರೀಕ್ಷಕನ ಕಣ್ಣಿಗೆ ಇವು ಸಾಹಿತ್ಯವಲ್ಲ, ತಾರೀಖು ಇರುವ ಸಾಕ್ಷಿಪತ್ರ. ಆದರೆ ಅವನಿಗೆ ಕನ್ನಡ ಬಾರದು. ಬೇವು, ಅರಿಸಿನದ ಪೆಟ್ಟು ತಿಂದ ಮೇಲೆ 2001ರಲ್ಲಿ ಕೇಂದ್ರ ಸರ್ಕಾರ ಸಾಂಪ್ರದಾಯಿಕ ಜ್ಞಾನದ ಡಿಜಿಟಲ್ ಭಂಡಾರ ಶುರು ಮಾಡಿತು. ಗ್ರಂಥಗಳಲ್ಲಿರುವ ಔಷಧಯೋಗಗಳನ್ನು ಇಂಗ್ಲಿಷ್, ಜರ್ಮನ್, ಫ್ರೆಂಚ್, ಸ್ಪ್ಯಾನಿಷ್, ಜಪಾನಿ ಭಾಷೆಗಳಿಗೆ ತಂದು ಪೇಟೆಂಟ್ ಕಚೇರಿಗಳಿಗೆ ನೋಡಲು ಕೊಟ್ಟಿತು. ಅದರ ಮೂಲಗಳು ಮುಖ್ಯವಾಗಿ ಸಂಸ್ಕೃತ, ಅರಬ್ಬಿ, ಪರ್ಷಿಯನ್, ಉರ್ದು, ತಮಿಳು ಗ್ರಂಥಗಳು. ಲೋಕೋಪಕಾರವನ್ನು ಇಂಗ್ಲಿಷಿಗೆ ತಂದು 2006ರಲ್ಲಿ ಅಚ್ಚು ಹಾಕಿದ್ದು ಸಿಕಂದರಾಬಾದಿನ ಏಷ್ಯನ್ ಅಗ್ರಿ-ಹಿಸ್ಟರಿ ಫೌಂಡೇಶನ್. ಗೋವೈದ್ಯವನ್ನೂ ಖಗೇಂದ್ರಮಣಿದರ್ಪಣವನ್ನೂ ಹೀಗೆ ತರುವುದು ನಮ್ಮ ವಿಶ್ವವಿದ್ಯಾಲಯಗಳ ಕನ್ನಡ ವಿಭಾಗ ಮತ್ತು ಸಸ್ಯಶಾಸ್ತ್ರ ವಿಭಾಗ ಒಂದೇ ಮೇಜಿಗೆ ಕೂತು ಮಾಡಬೇಕಾದ ಕೆಲಸ. ಗಿಡದ ಹಳೆಗನ್ನಡ ಹೆಸರು ಒಬ್ಬರಿಗೆ ಗೊತ್ತು, ಆ ಗಿಡ ಯಾವುದು ಎಂಬುದು ಇನ್ನೊಬ್ಬರಿಗೆ ಗೊತ್ತು.

ಗ್ರಂಥಕ್ಕೇ ಬಾರದ್ದು ಇನ್ನೂ ಹೆಚ್ಚು. ಎಲುಬು ಕೂಡಿಸುವವರ ಕೈ, ಚೇಳಿನ ಔಷಧ, ಎತ್ತಿನ ಹೊಟ್ಟೆಯುಬ್ಬರಕ್ಕೆ ಕುರುಬರು ಕೊಡುವ ಬೇರು. ಇಲ್ಲಿ ಒಂದು ಇಕ್ಕಟ್ಟಿದೆ, ಅದನ್ನು ಮುಚ್ಚಿಡಲಾರೆ. ಬರೆದು ಬಹಿರಂಗ ಮಾಡಿದರೆ ಬೇರೆಯವರು ಪೇಟೆಂಟ್ ಪಡೆಯುವುದು ತಪ್ಪುತ್ತದೆ, ಆದರೆ ಔಷಧ ಎಲ್ಲರ ಪಾಲಾಗುತ್ತದೆ, ಹೇಳಿದವನ ಮನೆಗೆ ಏನೂ ಬರುವುದಿಲ್ಲ. ಗುಟ್ಟಾಗಿಟ್ಟರೆ ಅವನ ಜೊತೆ ಹೋಗುತ್ತದೆ. ಕೇರಳದ ಕಾಣಿ ಬುಡಕಟ್ಟಿನವರ ಪ್ರಕರಣ ಇದಕ್ಕೆ ಮೂರನೆಯ ದಾರಿ ಹುಡುಕಿತು. 1987ರಲ್ಲಿ ಅಗಸ್ತ್ಯ ಬೆಟ್ಟದಲ್ಲಿ ಪಿ. ಪುಷ್ಪಾಂಗದನ್ ಮತ್ತು ಸಂಗಡಿಗರಿಗೆ ಕಾಣಿಗಳು ದಣಿವು ಕಳೆಯುವ ಆರೋಗ್ಯಪಚ್ಚೆಯ ಹಣ್ಣು ತಿನ್ನಿಸಿದರು. ತಿರುವನಂತಪುರದ ಸಸ್ಯೋದ್ಯಾನ ಸಂಸ್ಥೆ ಅದರಿಂದ ಜೀವನಿ ಎಂಬ ಔಷಧ ಮಾಡಿ ಕೊಯಮತ್ತೂರಿನ ಆರ್ಯ ವೈದ್ಯ ಫಾರ್ಮಸಿಗೆ 10 ಲಕ್ಷ ರೂಪಾಯಿ ಮತ್ತು ಮಾರಾಟದ ಶೇಕಡಾ 2ರ ಷರತ್ತಿಗೆ ಕೊಟ್ಟಿತು. ಬಂದುದರಲ್ಲಿ ಅರ್ಧ ಕಾಣಿಗಳಿಗೆ. 1997ರಲ್ಲಿ ಅವರ ಟ್ರಸ್ಟ್ ಆಯಿತು. ಎಲ್ಲ ಕಾಣಿಗಳನ್ನೂ ಕೇಳಿ ಮಾಡಿರಲಿಲ್ಲ, ಒಳಗೆ ಅಸಮಾಧಾನವೂ ಇತ್ತು. ಆದರೂ ಜೀವವೈವಿಧ್ಯ ಕಾಯ್ದೆ ಇನ್ನೂ ಹುಟ್ಟದ ಕಾಲದಲ್ಲಿ ಅಷ್ಟನ್ನಾದರೂ ಮಾಡಿದರಲ್ಲ ಎಂಬುದು ದೊಡ್ಡದು.

ನಮಗೆ ಕಾಯ್ದೆ ಇದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಗೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲಾತಿ ಬರೆಯಬೇಕು. ಹಸಿರು ನ್ಯಾಯಮಂಡಳಿ 2020ರ ಜನವರಿ 31ರ ಗಡುವು ಹಾಕಿ, ತಪ್ಪಿದ ರಾಜ್ಯಕ್ಕೆ ತಿಂಗಳಿಗೆ 10 ಲಕ್ಷ ದಂಡ ಎಂದಾಗ ದೇಶದ ತುಂಬ ಈ ಪುಸ್ತಕಗಳು ಗಡಿಬಿಡಿಯಲ್ಲಿ ತಯಾರಾದವು. ಗಡಿಬಿಡಿಯ ಪುಸ್ತಕ ಕಟಕಟೆಯಲ್ಲಿ ನಿಲ್ಲುವುದಿಲ್ಲ. ಬಿಟಿ ಬದನೆ ಗಲಾಟೆಯ ನೆನಪು ತಮಗಿರಬಹುದು. 2010ರ ಫೆಬ್ರುವರಿಯಲ್ಲಿ ಅದಕ್ಕೆ ತಡೆ ಬಿತ್ತು. ಅದೇ ತಿಂಗಳು ಬೆಂಗಳೂರಿನ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ ರಾಜ್ಯದ ಜೀವವೈವಿಧ್ಯ ಮಂಡಳಿಗೆ ದೂರು ಕೊಟ್ಟಿತು: ಬಿಟಿ ಬದನೆ ಮಾಡಿದವರು ಕುಡಚಿ, ಮಾಲಾಪುರ, ಉಡುಪಿ ಮೊದಲಾದ ನಮ್ಮ ಸ್ಥಳೀಯ ಬದನೆ ತಳಿಗಳನ್ನು ಊರಿನ ಸಮಿತಿಗಳನ್ನು ಕೇಳದೆ ಬಳಸಿದ್ದಾರೆ ಎಂದು. ಕೇಳಬೇಕಾದ ಸಮಿತಿಯೇ ಊರಿನಲ್ಲಿ ಜೀವಂತವಿಲ್ಲದಿದ್ದರೆ ಯಾರನ್ನು ಕೇಳುತ್ತಾರೆ? 2023ರ ತಿದ್ದುಪಡಿ ಆದಮೇಲೆ ಗ್ರಂಥದಲ್ಲಿರುವ ಜ್ಞಾನ ಬಳಸುವ ದೇಶದೊಳಗಿನವರಿಗೆ ಲಾಭ ಹಂಚುವ ಹೊಣೆಯಿಂದ ವಿನಾಯಿತಿ ಸಿಕ್ಕಿದೆ. ಇನ್ನು ಹಳ್ಳಿಯ ಜ್ಞಾನಕ್ಕೆ ಪಾಲು ಬರಬೇಕಾದರೆ ಅದು ಹೆಚ್ಚಾಗಿ ಗ್ರಂಥಕ್ಕೆ ಸೇರದ ಈ ಬಾಯಿಮಾತಿನ ತಿಳಿವಳಿಕೆಯಿಂದ. ಅದು ಇಂಥವರದ್ದು ಎಂದು ತೋರಿಸುವ ಕಾಗದ ನಮ್ಮ ಕೈಯಲ್ಲಿರಬೇಕು.

ಆದ್ದರಿಂದ ನನ್ನ ಕೇಳಿಕೆ ಇದು. ಪಂಚಾಯಿತಿಯಲ್ಲಿರುವ ಆ ದಾಖಲಾತಿಯನ್ನು ಕೇಳಿ ತೆಗೆಸಿ, ಮುಂದಿನ ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿಸಿ. ನಮ್ಮೂರಿನದಲ್ಲದ ಗಿಡ ಇದ್ದರೆ ಹೊಡೆದುಹಾಕಿಸಿ, ಬಿಟ್ಟುಹೋದದ್ದನ್ನು ಸೇರಿಸಿ. ಕಾಳು ಕಾಯುವ ಹೆಂಗಸರು, ಕುರಿ ಕಾಯುವವರು, ಔಷಧಿ ಕೊಡುವ ಹಿರಿಯರು ಹೇಳಿದ್ದನ್ನು ಅವರದೇ ಮಾತಿನಲ್ಲಿ ಬರೆಯಬೇಕು, ತಿದ್ದಬಾರದು. ಹೇಳಿದವರ ಹೆಸರು, ದಿನ, ಜಾಗ, ಎದುರಿಗಿದ್ದ ಇಬ್ಬರ ಸಹಿ ಬೇಕು. ಗಿಡದ ಒಂದು ಟೊಂಗೆ ಒಣಗಿಸಿ ವಿಶ್ವವಿದ್ಯಾಲಯದ ಸಸ್ಯಸಂಗ್ರಹಕ್ಕೆ ಕಳಿಸಿ ಅದರ ನಂಬರು ಪಕ್ಕದಲ್ಲಿ ಹಾಕಬೇಕು. ಯಾರಾದರೂ ಔಷಧದ ಅಳತೆ ಹೇಳಲು ಒಪ್ಪದಿದ್ದರೆ ಒತ್ತಾಯ ಬೇಡ. ಇಂಥ ಬ್ಯಾನಿಗೆ ಇವರ ಹತ್ತಿರ ಔಷಧವಿದೆ ಎಂದಷ್ಟು ಬರೆದು ಉಳಿದದ್ದನ್ನು ಅವರ ಲಕೋಟೆಯಲ್ಲಿ ಮುಚ್ಚಿಡಿ. ಮುಚ್ಚಿಟ್ಟದ್ದು ಬೇರೆಯವರ ಪೇಟೆಂಟ್ ತಡೆಯುವುದಿಲ್ಲ, ಇದನ್ನೂ ಅವರಿಗೆ ಮೊದಲೇ ತಿಳಿಸಿ ಹೇಳಿ, ಆಯ್ಕೆ ಅವರಿಗೇ ಬಿಡಿ.

ಬೇವಿನಿಂದಲೇ ಶುರು ಮಾಡಬಹುದು. ಬೇಸಿಗೆಯ ಕೊನೆಗೆ ಬೀಜ ಉದುರುತ್ತದೆ. ಆರಿಸಿ, ನೆರಳಲ್ಲಿ ಒಣಗಿಸಿ. ತೊಗರಿಗೆ ಕಷಾಯ ಹೊಡೆಯುವ ಸಂಜೆ ಎಷ್ಟು ಬೀಜ, ಎಷ್ಟು ನೀರು, ಯಾವ ಹುಳ, ಎಷ್ಟು ದಿನಕ್ಕೆ ಏನಾಯಿತು ಎಂದು ಹೈಸ್ಕೂಲಿನ ಮಕ್ಕಳಿಂದ ಬರೆಸಿ, ಮಾಸ್ತರರಿಂದ ಸಹಿ ಹಾಕಿಸಿ. ಒಂದು ಪ್ರತಿ ಪಂಚಾಯಿತಿಗೆ, ಒಂದು ಕಲಬುರಗಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಕೊಡಿ. ಈ ಹಂಗಾಮಿಗೇ ಇದನ್ನು ಮಾಡಲು ಮುಂದೆ ಬರುವ ಮನೆಗಳಿದ್ದರೆ ಸಭೆ ಮುಗಿದ ಮೇಲೆ ಇಲ್ಲೇ ಹೆಸರು ಬರೆಸಿ ಹೋಗಬೇಕೆಂದು ಕೇಳಿಕೊಳ್ಳುತ್ತೇನೆ.